ಬಾರ್ಬೆಕ್ಯೂಗೆ ಯಾವ ಊರು? ಲಾಕ್‌ಹಾರ್ಟ್, ಟೇಲರ್, ಲೆಕ್ಸಿಂಗ್ಟನ್, ಹಂಟ್ಸ್‌ವಿಲ್

ಟೆಕ್ಸಾಸಿನ ಆಸ್ಟಿನ್ನಿಗೆ ಬರುವ ಕನ್ನಡಿಗರಲ್ಲಿ ಬಾಡೂಟ ಬಲ್ಲವರು ಕೇಳುವ ಮೊದಲ ಪ್ರಶ್ನೆ, ಬಾರ್ಬೆಕ್ಯೂ, ಅಂದರೆ ಸೌದೆಯ ಹೊಗೆ, ಕೆಂಡದಲ್ಲಿ ಬೇಯಿಸಿದ ಮಾಂಸ, ಎಲ್ಲಿ ತಿನ್ನಬೇಕು ಎಂಬುದು. ನಗರದೊಳಗಿನ ಹೆಸರಾಂತ ಅಂಗಡಿಗಳನ್ನು ಬಿಟ್ಟುಬಿಡಿ ಎನ್ನುತ್ತೇನೆ. ಸ್ವಲ್ಪ ದೂರ ಕಾರು ಓಡಿಸಿದರೆ ಅದೇ ಮಾಂಸ ಸಿಗುತ್ತದೆ, ಜೊತೆಗೆ ನೋಡಲು ಒಂದು ಊರೂ ಸಿಗುತ್ತದೆ. ಹೋಲಿಸುವಾಗ ನಾನು ನೋಡುವುದು ಎರಡು ಸಂಗತಿ: ರುಚಿ ಹೇಗಿದೆ, ಮತ್ತು ಆ ಅಂಗಡಿ ಇನ್ನೂ ಊರಿನವರದೇ ಆಗಿ ಉಳಿದಿದೆಯೇ ಅಥವಾ ನಮ್ಮಂಥ ಹೊರಗಿನವರ ಪಾಲಾಗಿದೆಯೇ. ಎರಡರಲ್ಲೂ ಗೆದ್ದ ಊರು ನನಗೆ ಸಿಕ್ಕಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯ ರಾಜ ಬ್ರಿಸ್ಕೆಟ್, ಅಂದರೆ ದನದ ಎದೆಯ ಮಾಂಸ. ಉಪ್ಪು, ಮೆಣಸು ಸವರಿ, ಪೋಸ್ಟ್ ಓಕ್ ಸೌದೆಯ ಹೊಗೆಯಲ್ಲಿ ಹನ್ನೆರಡು ಗಂಟೆಗೂ ಮೀರಿ ಇಟ್ಟರೆ ಬೆರಳಿಗೇ ಬಿಟ್ಟುಕೊಡುವಷ್ಟು ಮೆತ್ತಗಾಗುತ್ತದೆ. ದನದ ಮಾಂಸ ತಿನ್ನದವರು ಸಾಸೇಜ್ ಕಂಡು ಕೈಚಾಚಬೇಡಿ. ಬಹಳ ಕಡೆ ಅದರಲ್ಲಿಯೂ ದನದ ಮಾಂಸವೇ ಹೆಚ್ಚು, ಹಂದಿಯದು ಸ್ವಲ್ಪ. ಕೋಳಿ, ಟರ್ಕಿ, ಹಂದಿಯ ಪಕ್ಕೆಲುಬು ಎಲ್ಲಿ ಚೆನ್ನಾಗಿವೆ ಎಂಬುದನ್ನು ನೋಡಿಕೊಂಡು ಊರನ್ನು ಆರಿಸಿಕೊಳ್ಳಿ.

ಎಲ್ಲರೂ ಮೊದಲು ಓಡುವುದು ಲಾಕ್‌ಹಾರ್ಟಿಗೆ. ಆಸ್ಟಿನ್ನಿನಿಂದ ದಕ್ಷಿಣಕ್ಕೆ ಸುಮಾರು 48 ಕಿಲೋಮೀಟರ್. 1999ರಲ್ಲಿ ರಾಜ್ಯದ ಶಾಸಕಾಂಗವೇ ಇದನ್ನು ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿ ಎಂದು ಗುರುತಿಸಿತು. ಅದೇ ವರ್ಷ ಊರಿನ ಅತಿ ಹಳೆಯ ಅಂಗಡಿಯಲ್ಲಿ ಪಾಲಾಯಿತು. 1900ರಲ್ಲಿ ಶುರುವಾದ ಕ್ರೈಟ್ಸ್ ಮಾರ್ಕೆಟ್‌ನಲ್ಲಿ ವ್ಯಾಪಾರ ಸಹೋದರನ ಕೈಯಲ್ಲಿ, ಕಟ್ಟಡ ಸಹೋದರಿಯ ಹೆಸರಿನಲ್ಲಿ ಇತ್ತು. ಒಮ್ಮತ ಮೂಡಲಿಲ್ಲ. ಸಹೋದರ ಹಳೆಯ ಒಲೆಯ ಕೆಂಡವನ್ನು ತೊಟ್ಟಿಯಲ್ಲಿ ತುಂಬಿ, ರಸ್ತೆಯ ಮೇಲೆ ಎಳೆಸಿಕೊಂಡು ಹೋಗಿ ಹೊಸ ಕಟ್ಟಡದ ಒಲೆ ಹೊತ್ತಿಸಿದರು. ಸಹೋದರಿ ಹಳೆಯ ಕಟ್ಟಡದಲ್ಲಿಯೇ ಸ್ಮಿಟ್ಟೀಸ್ ತೆರೆದರು. ಆಸ್ತಿ ಜಗಳ ಎಲ್ಲಿಯಾದರೂ ಆಸ್ತಿ ಜಗಳವೇ, ಆದರೆ ಕೆಂಡ ಹಂಚಿಕೊಂಡ ಜಗಳವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಇವೆರಡರಲ್ಲಿ ನನ್ನ ಮತ ಸ್ಮಿಟ್ಟೀಸ್‌ಗೆ. ಬಾಗಿಲು ದಾಟಿದರೆ ಸಾಲಿನಲ್ಲಿ ನಿಂತವರ ಕಾಲಬಳಿಯೇ ಸೌದೆ ಧಗಧಗ ಉರಿಯುತ್ತಿರುತ್ತದೆ. ಬೇಸಗೆಯಲ್ಲಿ ಅದು ಶಿಕ್ಷೆಯೇ ಸರಿ. ಹಿಂದೆ ಗಿರಾಕಿಗಳಿಗಾಗಿ ಚಾಕುಗಳನ್ನು ಸರಪಳಿಯಲ್ಲಿ ಕಟ್ಟಿಡುತ್ತಿದ್ದರು, ಅದರ ಕುರುಹು ಇನ್ನೂ ಕಾಣುತ್ತದೆ. ಕ್ರೈಟ್ಸ್‌ನ ಹೊಸ ಕಟ್ಟಡ ಕಲ್ಯಾಣ ಮಂಟಪದಷ್ಟು ದೊಡ್ಡದು, ಅಷ್ಟೇ ಗದ್ದಲ. ಅಲ್ಲಿ ಫೋರ್ಕ್ ಕೊಡುವುದಿಲ್ಲ ಎಂಬುದನ್ನೇ ದೊಡ್ಡ ಸುದ್ದಿ ಮಾಡುತ್ತಿದ್ದರು. ಕೈಯಲ್ಲಿ ತಿನ್ನಲು ನಮಗೆ ಬೋರ್ಡು ಬೇಕಿಲ್ಲ. ಶತಮಾನಕ್ಕೂ ಮೀರಿ ಸಾಸ್ ಇಡದ ಹಟವಿತ್ತು, ಅದೂ ಈಚೆಗೆ ಮುರಿಯಿತು. 1932ರಿಂದ ಒಂದೇ ಕುಟುಂಬ ನಡೆಸುತ್ತಿರುವ ಬ್ಲ್ಯಾಕ್ಸ್‌ನಲ್ಲಿ ಟರ್ಕಿ ಒಳ್ಳೆಯದು. ಶನಿವಾರ ಮಧ್ಯಾಹ್ನ ಮಾತ್ರ ಲಾಕ್‌ಹಾರ್ಟ್ ಪ್ರವಾಸಿ ತಾಣವೇ. ಊರಿನವರನ್ನು ನೋಡಬೇಕೆಂದರೆ ವಾರದ ನಡುವೆ ಹೋಗಿ.

ಟೇಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೂಯಿ ಮುಲ್ಲರ್ ಅಂಗಡಿ ಶುರುವಾಗಿದ್ದು 1949ರಲ್ಲಿ, ಈಗಿನ ಕಟ್ಟಡಕ್ಕೆ ಬಂದದ್ದು 1959ರಲ್ಲಿ. ಗೋಡೆಗಳು ಹೊಗೆ ಕುಡಿದು ಕಪ್ಪಾಗಿವೆ. ಕಾಳುಮೆಣಸಿನ ಗಟ್ಟಿ ಕವಚವಿರುವ ದನದ ಪಕ್ಕೆಲುಬು ಇಲ್ಲಿಯ ವಿಶೇಷ. ಒಂದೊಂದೇ ಅರ್ಧ ಕಿಲೋ ಮೀರುತ್ತದೆ, ಒಬ್ಬರಿಂದ ಮುಗಿಯುವುದಿಲ್ಲ. ದನದ ಮಾಂಸ ತಿನ್ನುವವರಿಗೆ ನಾಲ್ಕೂ ಊರುಗಳಲ್ಲಿ ಇದಕ್ಕಿಂತ ಒಳ್ಳೆಯ ಒಂದು ತುತ್ತು ಇಲ್ಲ. ತಿನ್ನದವರಿಗೆ ಇಲ್ಲಿಗೆ ಬರಲು ಅಂಥ ಕಾರಣವೂ ಇಲ್ಲ. 2021ರಲ್ಲಿ ಸ್ಯಾಮ್‌ಸಂಗ್ ಇಲ್ಲಿ 17 ಬಿಲಿಯನ್ ಡಾಲರಿನ ಚಿಪ್ ಕಾರ್ಖಾನೆ ಘೋಷಿಸಿದ ಮೇಲೆ ಊರಿನ ಚಹರೆ ಬದಲಾಗುತ್ತಿದೆ, ಊಟದ ಸಾಲಿನಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡವರು ಕಾಣುತ್ತಾರೆ.

ಲೆಕ್ಸಿಂಗ್ಟನ್ನಿನ ಲೆಕ್ಕವೇ ಬೇರೆ. ಆಸ್ಟಿನ್ನಿನಿಂದ ಸುಮಾರು 80 ಕಿಲೋಮೀಟರ್, ಜನಸಂಖ್ಯೆ ಸಾವಿರದ ಚಿಲ್ಲರೆ. ಸ್ನೋಸ್ ಎಂಬ ಅಂಗಡಿ ಇಲ್ಲಿ ಶನಿವಾರ ಮಾತ್ರ, ಬೆಳಿಗ್ಗೆ 8ಕ್ಕೆ ತೆರೆದು ಮಾಂಸ ಮುಗಿದ ಕೂಡಲೇ ಮುಚ್ಚುತ್ತದೆ. ಬೆಳಗಾಗುತ್ತಲೇ ಯಾರು ಬಾಡು ತಿನ್ನುತ್ತಾರೆ ಎಂದು ಕೇಳಬಹುದು. ಶನಿವಾರ ಈ ಊರಿನಲ್ಲಿ ದನದ ಹರಾಜು. ಸುತ್ತಲಿನ ರೈತರು ಹಸು, ಕರು ಏರಿಸಿಕೊಂಡು ಬೆಳಿಗ್ಗೆಯೇ ಬರುತ್ತಾರೆ. ಸಂತೆಯ ದಿನ ಸಂತೆಗೆ ಬಂದವರ ಹೊಟ್ಟೆಗೆ ಹೊಂದಿಕೊಂಡ ವೇಳೆ ಇದು.

2003ರಲ್ಲಿ ಅಂಗಡಿ ತೆರೆದವರು ಕೆರಿ ಬೆಕ್ಸ್‌ಲೀ, ಒಂದು ಕಾಲದಲ್ಲಿ ರೋಡಿಯೋ, ಅಂದರೆ ಗೂಳಿ, ಕುದುರೆ ಸವಾರಿಯ ಪಂದ್ಯದ ಅಖಾಡದಲ್ಲಿ ವಿದೂಷಕ. ಅಂಗಡಿಗೆ ಹೆಸರು ತಂದವರು ಟೂಟ್ಸಿ ಟೊಮನೆಟ್ಸ್. 1935ರಲ್ಲಿ ಹುಟ್ಟಿದ ಈ ಅಜ್ಜಿ 1966ರಿಂದ ಒಲೆಯ ಮುಂದೆ ನಿಂತವರು. ಬಹಳ ಕಾಲ ವಾರದ ದಿನಗಳಲ್ಲಿ ಶಾಲೆಯ ನಿರ್ವಹಣೆಯ ಕೆಲಸ ಮಾಡುತ್ತಿದ್ದರು, ಶನಿವಾರ ನಡುರಾತ್ರಿ ಕಳೆಯುತ್ತಲೇ ಸಲಿಕೆಯಲ್ಲಿ ಕೆಂಡ ಎತ್ತಿ ಹಾಕುವ ಕೆಲಸ. 2008ರಲ್ಲಿಯೂ 2017ರಲ್ಲಿಯೂ ಟೆಕ್ಸಾಸ್ ಮಂತ್ಲಿ ಪತ್ರಿಕೆ ಈ ಅಂಗಡಿಯನ್ನು ರಾಜ್ಯದಲ್ಲೇ ಮೊದಲನೆಯದೆಂದು ಆರಿಸಿತು. ಅಲ್ಲಿಂದ ಆಚೆಗೆ ಸಾಲು ಕತ್ತಲಿರುವಾಗಲೇ ಶುರು.

ಇಲ್ಲಿ ಕೇಳಿ ಪಡೆಯಬೇಕಾದದ್ದು ಪೋರ್ಕ್ ಸ್ಟೇಕ್, ಹಂದಿಯ ಹೆಗಲಿನ ದಪ್ಪ ತುಂಡು. ಬ್ರಿಸ್ಕೆಟ್ಟಿಗೆ ಬೆಂಕಿ ದೂರ, ಹೊಗೆ ಮಾತ್ರ ಹತ್ತಿರ; ಈ ತುಂಡಿಗೆ ನೇರ ಕೆಂಡದ ಶಾಖ. ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕುತ್ತದೆ, ಅಲ್ಲಿಂದ ಏಳುವ ಹೊಗೆ ಮಾಂಸಕ್ಕೇ ಮರಳುತ್ತದೆ. ನಡುನಡುವೆ ಹುಳಿ ರಸವನ್ನು ಬಟ್ಟೆಯ ಜುಂಗಿನಿಂದ ಸವರುತ್ತಾರೆ. ಕೊಡಗಿನ ಪಂದಿಕರಿಯಲ್ಲಿ ಬೆಳೆದ ನಾಲಿಗೆಗೂ ಇದು ಹಿಡಿಸುತ್ತದೆ; ಕಾಚಂಪುಳಿ ಇಲ್ಲದಿದ್ದರೂ ಹುಳಿಯ ಅರಿವು ಇವರಿಗಿದೆ. ಕೋಳಿಯೂ ಹೀಗೆಯೇ ಬೇಯುವುದರಿಂದ ದನದ ಮಾಂಸ ತಿನ್ನದವರಿಗೆ ನಾಲ್ಕರಲ್ಲಿ ಇದೇ ಸರಿಯಾದ ಊರು.

ಒಟ್ಟಾರೆ ರುಚಿಯಲ್ಲಿ ಲೆಕ್ಸಿಂಗ್ಟನ್ನೇ ಮೊದಲು. ಆದರೆ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಮಾತಿಗೆ ಸಿಕ್ಕವರು ಹ್ಯೂಸ್ಟನ್ನಿನವರು, ಡಲ್ಲಾಸಿನವರು. ಹರಾಜಿಗೆ ಬಂದ ರೈತನಿಗೆ ಮೂರು ಗಂಟೆ ನಿಲ್ಲುವ ಪುರುಸೊತ್ತು ಎಲ್ಲಿಂದ ಬರಬೇಕು? ಅಂಗಡಿಯವರು ಮಾತ್ರ ಕೆಡಲಿಲ್ಲ. ವಾರವಿಡೀ ತೆರೆದು ಹಣ ಎಣಿಸಬಹುದಿತ್ತು, ಈಗಲೂ ಶನಿವಾರಕ್ಕೇ ನಿಂತಿದ್ದಾರೆ.

ಹಂಟ್ಸ್‌ವಿಲ್ ದೂರ: ಹ್ಯೂಸ್ಟನ್ನಿನಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್, ಆಸ್ಟಿನ್ನಿನಿಂದ ಅದರ ಎರಡರಷ್ಟಕ್ಕೂ ಹೆಚ್ಚು. ರಾಜ್ಯದ ಕಾರಾಗೃಹ ಇಲಾಖೆಯ ಕೇಂದ್ರ ಇಲ್ಲಿದೆ, ಒಂದು ವಿಶ್ವವಿದ್ಯಾಲಯವೂ ಇದೆ. ನ್ಯೂ ಜಯಾನ್ ಮಿಷನರಿ ಬ್ಯಾಪ್ಟಿಸ್ಟ್ ಎಂಬ ಕಪ್ಪು ಜನರ ಚರ್ಚಿನ ಪಕ್ಕದಲ್ಲೇ ಅದರ ಊಟದ ಮನೆ. 1970ರ ದಶಕದ ಕೊನೆಯ ಹೊತ್ತಿಗೆ ಚರ್ಚಿಗೆ ಬಣ್ಣ ಬಳಿಯುತ್ತಿದ್ದವರಿಗಾಗಿ ಆ್ಯನಿ ಮೇ ವಾರ್ಡ್ ಎಂಬ ಮಹಿಳೆ ಅಂಗಳದಲ್ಲಿ ಮಾಂಸ ಸುಡುತ್ತಿದ್ದರಂತೆ. ವಾಸನೆಗೆ ದಾರಿಹೋಕರು ನಿಂತು ಬೆಲೆ ಕೇಳಿದರು. ಅಲ್ಲಿಂದ ವ್ಯಾಪಾರ ಬೆಳೆದು, ಬಂದ ಹಣ ಚರ್ಚಿಗೆ ಆಸರೆಯಾಯಿತು.

ಇಲ್ಲಿ ಉದ್ದ ಮೇಜುಗಳು, ಅಪರಿಚಿತರ ಪಕ್ಕದಲ್ಲೇ ಕೂರಬೇಕು. ವಿದ್ಯಾರ್ಥಿಗಳು, ಲಾರಿ ಚಾಲಕರು, ಭಾನುವಾರ ಪಕ್ಕದಲ್ಲೇ ಪ್ರಾರ್ಥನೆಗೆ ಬರುವವರು ಎಲ್ಲರೂ ಒಂದೇ ಪಂಕ್ತಿ. ಪೂರ್ವ ಟೆಕ್ಸಾಸಿನ ರೀತಿಯಂತೆ ಸಿಹಿ ಸಾಸ್ ಧಾರಾಳ, ಪಕ್ಕೆಲುಬು ಎಲುಬಿನಿಂದ ಜಾರುವಷ್ಟು ಬೆಂದಿರುತ್ತದೆ. ಬ್ರಿಸ್ಕೆಟ್ ಸಾಧಾರಣ. ಅದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದಾಗದು. ಆದರೂ ಮತ್ತೆ ಹೋಗಲು ಮನಸ್ಸಾಗುವುದು ಇಲ್ಲಿಗೇ. ಉಳಿದ ಮೂರು ಊರುಗಳಲ್ಲಿ ನಾನು ಗಿರಾಕಿ. ಇಲ್ಲಿ ಬಡಿಸಿದವರು ಇನ್ನೊಂದು ತುಂಡು ಹಾಕಲೇ ಎಂದು ಕೇಳಿದ ರೀತಿ ಬೇರೆ, ನೀನು ಯಾವ ಊರಿನವನಪ್ಪ ಎಂದು ವಿಚಾರಿಸಿದ್ದೂ ಇಲ್ಲಿಯೇ.

ಆದ್ದರಿಂದ ಒಂದೇ ದಿನ ಕೈಯಲ್ಲಿದ್ದು ಅದು ಶನಿವಾರವಾದರೆ ನಸುಕಿಗೇ ಎದ್ದು ಲೆಕ್ಸಿಂಗ್ಟನ್ನಿಗೆ ಹೋಗಿ, ಬೇರೆ ದಿನವಾದರೆ ಲಾಕ್‌ಹಾರ್ಟಿನ ಸ್ಮಿಟ್ಟೀಸ್. ಹ್ಯೂಸ್ಟನ್ನಿನಲ್ಲಿರುವವರು ಹಂಟ್ಸ್‌ವಿಲ್ ದಾಟಿ ಬರಬೇಕಾಗಿಯೇ ಇಲ್ಲ. ಚರ್ಚಿನ ಊಟ ವಾರದ ಕೆಲವೇ ದಿನ, ವಿಚಾರಿಸಿಕೊಂಡು ಹೊರಡಿ. ಜೊತೆಗೆ ಸಸ್ಯಾಹಾರಿಗಳಿದ್ದರೆ ಬೀನ್ಸ್ ಬಡಿಸಿಕೊಳ್ಳುವ ಮುನ್ನ ಕೇಳಲಿ, ಬಹಳ ಕಡೆ ಅದರಲ್ಲಿಯೂ ಮಾಂಸದ ಚೂರು ಇರುತ್ತದೆ. ಬ್ರೆಡ್ಡು, ಉಪ್ಪಿನಲ್ಲಿಟ್ಟ ಸೌತೆ, ಈರುಳ್ಳಿ ಎಲ್ಲಿಯೂ ಸಿಗುತ್ತವೆ. ಅಷ್ಟರಲ್ಲೇ ಹೊಟ್ಟೆ ತುಂಬದವರಿಗೆ ಮನೆಯಿಂದಲೇ ಮೊಸರನ್ನ ಕಟ್ಟಿಕೊಡಿ.