ಬಿರುಕು ಬಿಟ್ಟ ಸಿಡಿಯನ್ನು ಡ್ರೈವ್‌ಗೆ ಹಾಕಬೇಡಿ

ಹಳೇ ಫೋಟೋಗಳಿದ್ದ ಸಿಡಿ ಅದು. ನಡುವಿನ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಒಂದು ಬಿರುಕು. ಉದ್ದ ಅರ್ಧ ಉಗುರಿನಷ್ಟೂ ಇರಲಿಲ್ಲ. ಡೇಟಾ ಇರುವ ಜಾಗಕ್ಕೆ ಅದು ತಾಗಿರಲಿಲ್ಲ, ಹಾಗಾಗಿ ತೊಂದರೆ ಇಲ್ಲ ಅಂದುಕೊಂಡು ಕಂಪ್ಯೂಟರಿನ 52 ಎಕ್ಸ್ ಡ್ರೈವ್‌ಗೆ, ಅಂದರೆ ಮಾಮೂಲಿ ವೇಗದ 52 ಪಟ್ಟಿನವರೆಗೆ ಓದುವ ಡ್ರೈವ್‌ಗೆ ಹಾಕಿದೆ.

ಕಾಪಿ ಶುರುವಾಯಿತು. ಡ್ರೈವ್‌ನ ಸದ್ದು ಏರುತ್ತಾ ಹೋಯಿತು, ಮೇಜು ಸಣ್ಣಗೆ ನಡುಗಿತು. ಆಮೇಲೆ ಪಟಾಕಿ ಹೊಡೆದ ಹಾಗೆ ಒಂದು ಸದ್ದು. ಟ್ರೇಯ ಮುಂದಿನ ಪಟ್ಟಿ ಕಿತ್ತುಬಂದು ನನ್ನ ಮೊಣಕೈ ಪಕ್ಕ ಬಿತ್ತು. ಡ್ರೈವ್ ಬಿಚ್ಚಿ ನೋಡಿದರೆ ಗಾಜಿನ ಚೂರಿನಷ್ಟು ಚೂಪಾದ ತುಂಡುಗಳು, ಎಲ್ಲೆಲ್ಲೂ ಬೆಳ್ಳಿ ಬಣ್ಣದ ಹುಡಿ. ಲೆನ್ಸ್ ಕಿತ್ತುಹೋಗಿತ್ತು. ಆ ಫೋಟೋಗಳಿಗೆ ಬೇರೆ ಪ್ರತಿ ಇರಲಿಲ್ಲ.

ಯಾಕೆ ಹೀಗಾಯಿತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಹಾಡಿನ ಸಿಡಿ ನಿಮಿಷಕ್ಕೆ ಸುಮಾರು 200ರಿಂದ 500 ಸುತ್ತು ತಿರುಗುತ್ತದೆ. 1 ಎಕ್ಸ್ ಅಂದರೆ ಆ ವೇಗ, ಸೆಕೆಂಡಿಗೆ 150 ಕೆಬಿ ಡೇಟಾ ಓದುವಷ್ಟು. 52 ಎಕ್ಸ್ ಬೇಕೆಂದರೆ 10,000ಕ್ಕೂ ಜಾಸ್ತಿ ಸುತ್ತು! 12 ಸೆಂ.ಮೀ. ಅಗಲದ ಆ ತಟ್ಟೆಯ ಅಂಚು ಆಗ ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿರುತ್ತದೆ. ಅದರ ದಪ್ಪ ಬರೀ 1.2 ಮಿ.ಮೀ. ವೇಗ ಎರಡರಷ್ಟಾದರೆ ಡಿಸ್ಕನ್ನು ಹರಿಯುವ ಎಳೆತ ನಾಲ್ಕರಷ್ಟಾಗುತ್ತದೆ. ಆ ಎಳೆತ ಅತಿ ಜಾಸ್ತಿ ಬೀಳುವುದು ನಡುವಿನ ತೂತಿನ ಅಂಚಿನ ಮೇಲೆ. ನನ್ನ ಬಿರುಕು ಇದ್ದದ್ದೂ ಅಲ್ಲೇ.

ನನಗೆ ಇನ್ನೂ ಬೇಸರ ತರಿಸುವ ವಿಷಯ ಬೇರೆ ಇದೆ. 52 ಎಕ್ಸ್ ಸಿಗುವುದು ಡಿಸ್ಕಿನ ಹೊರ ಅಂಚಿನಲ್ಲಿ ಮಾತ್ರ. ಸಿಡಿ ತುಂಬುವುದು ಒಳಗಿನಿಂದ ಹೊರಕ್ಕೆ, ಒಳಗಡೆ ಓದುವ ವೇಗ ಅದರ ಅರ್ಧಕ್ಕಿಂತ ಕಡಿಮೆ. ನನ್ನ ಫೋಟೋಗಳು ಒಳಗಿನ ಸ್ವಲ್ಪ ಜಾಗದಲ್ಲೇ ಮುಗಿದಿದ್ದವು. ಅಂದರೆ ಅಷ್ಟು ಜೋರಾಗಿ ತಿರುಗಿಸಿದರೂ ಅರ್ಧ ವೇಗವೂ ಸಿಗುತ್ತಿರಲಿಲ್ಲ. ಸುಮ್ನೆ ಸುತ್ತಿಸಿ ಕಳೆದುಕೊಂಡೆ.

ಡಿವಿಡಿ ಆದರೆ ಪರವಾಗಿಲ್ಲ ಅಂತಲೂ ಅಂದುಕೊಳ್ಳಬೇಡಿ. ಡಿವಿಡಿಯ ಎಕ್ಸ್ ಲೆಕ್ಕ ಬೇರೆ, 16 ಎಕ್ಸ್ ಡಿವಿಡಿ ತಿರುಗುವುದೂ ಹೆಚ್ಚುಕಡಿಮೆ ಅಷ್ಟೇ ಜೋರಾಗಿ.

ಹಳೇ ಡಿಸ್ಕ್ ಹಾಕುವ ಮೊದಲು ಬೆಳಕಿಗೆ ಹಿಡಿದು ನಡುವಿನ ತೂತಿನ ಸುತ್ತ ನೋಡಿ. ಬಿರುಕು ಕಂಡರೆ ಬೇಡವೇ ಬೇಡ. ಓರೆಯಾಗಿ ಅಂಟಿಸಿದ ಸ್ಟಿಕರ್ ಇದ್ದರೆ ತೂಕ ಒಂದು ಕಡೆ ವಾಲಿ ಡ್ರೈವ್ ಅದುರುತ್ತದೆ. ಅಂಥದ್ದನ್ನು ವೇಗ ಇಳಿಸುವ ಸಾಫ್ಟ್‌ವೇರ್ ಹಾಕಿಕೊಂಡು 4 ಅಥವಾ 8 ಎಕ್ಸ್‌ನಲ್ಲಿ ಓದಿಸಿ. ಆಗಲೂ ನಡುಕ ಕೇಳಿಸಿದರೆ ತಕ್ಷಣ ಎಜೆಕ್ಟ್ ಒತ್ತಿ, ಮುಖವನ್ನು ಟ್ರೇಯ ಎದುರು ಇಡಬೇಡಿ.