ಶೇ 1ರ ಕನ್ನಡಿಯೋ, ಶೇ 0.1ರ ಕನ್ನಡಿಯೋ?

ನಮ್ಮ ಲೇಸರ್ ಸೆಕೆಂಡಿಗೆ 10 ಕೋಟಿ ಪಲ್ಸ್, ಅಂದರೆ ಬೆಳಕಿನ ಚಿಕ್ಕ ತುಣುಕು, ಉಗುಳುತ್ತದೆ. ಅಂದರೆ ಪಲ್ಸಿಗೂ ಪಲ್ಸಿಗೂ ನಡುವೆ 3 ಮೀಟರ್. ಕನ್ನಡಿಗಳ ನಡುವೆ ಬೆಳಕು ಸುತ್ತುವ ದಾರಿಯನ್ನೂ 3 ಮೀಟರಿಗೇ ಕೂರಿಸಿದರೆ, ಸುತ್ತಿ ಬಂದ ಪಲ್ಸಿನ ಮೇಲೆ ಹೊಸದು ಸರಿಯಾಗಿ ಬಂದು ಕೂರುತ್ತದೆ. ಬೀಸುವ ಕಲ್ಲಿಗೆ ಸುತ್ತಿಗೊಂದು ತಳ್ಳು ಕೊಟ್ಟ ಹಾಗೆ. ಇದೇ ಕ್ಯಾವಿಟಿ. ಹೀಗೆ ಏರಿಸಿದ ಬೆಳಕಿನ ದಾರಿಗೆ ಕ್ಸೆನಾನ್ ಅನಿಲ ಬಿಟ್ಟು ತೀವ್ರ ನೇರಳಾತೀತ ಬೆಳಕು ತೆಗೆಯುವುದು ಗುರಿ.

ಬೆಳಕು ಒಳಗೆ ಹೋಗುವ ಕನ್ನಡಿ ಎಷ್ಟು ಬೆಳಕು ಬಿಡಬೇಕು ಅನ್ನುವುದೇ ತಲೆನೋವು. ನನ್ನ ಹತ್ತಿರ ಎರಡಿದ್ದವು: ಶೇ 1 ಬಿಡುವುದು, ಶೇ 0.1 ಬಿಡುವುದು.

ಕಾಗದದ ಮೇಲೆ ಪೈಪೋಟಿಯೇ ಇಲ್ಲ. ಉಳಿದ ಕಡೆ ಸುತ್ತಿಗೆ ಶೇ 0.1 ಬೆಳಕು ಪೋಲಾಗುತ್ತದೆ ಅಂದುಕೊಳ್ಳಿ. ಶೇ 1ರ ಕನ್ನಡಿ ಒಳಗಿನ ಪವರ್ ಅನ್ನು ಸುಮಾರು 330 ಪಟ್ಟು ಏರಿಸುತ್ತದೆ, ಇನ್ನೊಂದು 1000 ಪಟ್ಟು. ಯಾರಾದರೂ ಎರಡನೆಯದನ್ನೇ ಎತ್ತಿಕೊಳ್ಳುತ್ತಾರೆ, ಅಲ್ವಾ? ನಾನೂ ಎತ್ತಿಕೊಂಡೆ. ಎರಡು ತಿಂಗಳು ಹೋಯಿತು.

ಪವರ್ ಅಷ್ಟು ಏರಲೇ ಇಲ್ಲ. ಕೊನೆಗೆ ಲೇಸರನ್ನು ಫಕ್ಕನೆ ಮುಚ್ಚಿ, ಒಳಗಿನ ಬೆಳಕು ಎಷ್ಟು ಹೊತ್ತಿಗೆ ಆರುತ್ತದೆ ಅಂತ ಆಸಿಲೋಸ್ಕೋಪಿನಲ್ಲಿ ನೋಡಿದೆ. 5 ಮೈಕ್ರೋಸೆಕೆಂಡ್ ಇಳಿಯಬೇಕಾದ ಗೆರೆ ಎರಡೂವರೆಗೇ ಇಳಿದಿತ್ತು. ಅಂದರೆ ಒಟ್ಟು ನಷ್ಟ ಎರಡು ಪಟ್ಟು, ಶೇ 0.4; ಕನ್ನಡಿ ಬಿಡುವ 0.1 ಕಳೆದರೆ ಪೋಲು ಶೇ 0.1 ಅಲ್ಲ, 0.3. ಒಂದು ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ಮಸುಕು, ಜೊತೆಗೆ ನೀಲಮಣಿಯ ಬ್ರೂಸ್ಟರ್ ತಟ್ಟೆಯ (ಬೆಳಕು ಪುಟಿದು ಪೋಲಾಗದ ಕೋನಕ್ಕೆ ಕೂರಿಸಿದ ತಟ್ಟೆ) ಕೋನ ಕೂಡ ಒಂಚೂರು ತಪ್ಪಿತ್ತು. ಈಗ ಮತ್ತೆ ಲೆಕ್ಕ ಹಾಕಿ: ಶೇ 0.1ರ ಕನ್ನಡಿ 250 ಪಟ್ಟು, ಶೇ 1ರದ್ದು 237. ಇಷ್ಟಕ್ಕಾ ನಾನು ಒದ್ದಾಡಿದ್ದು!

ಒದ್ದಾಟ ಸಣ್ಣದಲ್ಲ. ಶೇ 0.1ರ ಕನ್ನಡಿ ಇದ್ದಾಗ ಸುತ್ತಿನ ಉದ್ದ ನ್ಯಾನೋಮೀಟರಿನ ಮೂರನೇ ಎರಡರಷ್ಟು ಅಗಲದ ಕಿಂಡಿಯೊಳಗೇ ನಿಲ್ಲಬೇಕು. ಯಾರಾದರೂ ಬಾಗಿಲು ಹಾಕಿದರೆ ಬೆಳಕು ಹೋಯ್ತು. ಶೇ 1ರದ್ದಾದರೆ 2 ನ್ಯಾನೋಮೀಟರ್, ನಡೆದಾಡಬಹುದು. ಪಲ್ಸಿನ ಬಣ್ಣಗಳ ಹರವೂ ಬಿಗಿ ಕ್ಯಾವಿಟಿಯಲ್ಲಿ, ಅಂದರೆ ಶೇ 0.1ರ ಕನ್ನಡಿಯದ್ದರಲ್ಲಿ, ಕಿರಿದಾಗುತ್ತದೆ. ಹರವು ಕಿರಿದಾದರೆ ಪಲ್ಸ್ ಉದ್ದವಾಗುತ್ತದೆ, ನಮಗೆ ಬೇಕಾದ ತೀವ್ರತೆಯೇ ಕೈತಪ್ಪುತ್ತದೆ.

ಕ್ಸೆನಾನ್ ಬಿಟ್ಟ ದಿನ ಸಂಶಯವೇ ಉಳಿಯಲಿಲ್ಲ. ಪಲ್ಸ್ ಬಿದ್ದಾಗ ಅನಿಲ ಪ್ಲಾಸ್ಮಾ ಆಗುತ್ತದೆ, ಮುಂದಿನ ಪಲ್ಸ್ ಬರುವ 10 ನ್ಯಾನೋಸೆಕೆಂಡಿನಲ್ಲಿ ಅದು ಜಾಗ ಖಾಲಿ ಮಾಡುವುದಿಲ್ಲ. ಅದರಿಂದ ಕ್ಯಾವಿಟಿಯ ಶ್ರುತಿ ತಪ್ಪುತ್ತದೆ. ಬಿಗಿ ಕ್ಯಾವಿಟಿ ಪ್ರತಿ ಸಲ ಬಿದ್ದುಹೋಯಿತು, ಸಡಿಲದ್ದು ತಡೆದುಕೊಂಡಿತು.

ಸುತ್ತಿನ ಉದ್ದವನ್ನು ಕಿಂಡಿಯೊಳಗೇ ಹಿಡಿದಿಡಲು ಎರಡು ದಾರಿ ಪ್ರಯತ್ನಿಸಿದೆ, ಎರಡಕ್ಕೂ ಅದನ್ನು ರೂಪಿಸಿದ ವಿಜ್ಞಾನಿಗಳ ಹೆಸರು: ಹೆನ್ಶ್–ಕುಯ್ಯೋ, ಪೌಂಡ್–ಡ್ರೀವರ್–ಹಾಲ್. ತಮಾಷೆ ಅಂದರೆ ಹೆನ್ಶ್, ಹಾಲ್ ಇಬ್ಬರಿಗೂ 2005ರ ಭೌತವಿಜ್ಞಾನ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅದೇ ವರ್ಷ ಜರ್ಮನಿಯ ಗಾರ್ಶಿಂಗ್ ಮತ್ತು ಅಮೆರಿಕದ ಬೌಲ್ಡರ್‌ನ ಲ್ಯಾಬುಗಳು ಇಂಥ ಕ್ಯಾವಿಟಿಯೊಳಗೆ ಕ್ಸೆನಾನ್ ಬಿಟ್ಟು ತೀವ್ರ ನೇರಳಾತೀತ ಬೆಳಕು ತೆಗೆದವು. ಹಾಲ್ ದಾರಿ ಗಟ್ಟಿ, ಆದರೆ ಮಾಡ್ಯುಲೇಟರ್ (ಬೆಳಕಿನ ಅಲೆಯನ್ನು ರೇಡಿಯೋ ವೇಗದಲ್ಲಿ ಕಂಪಿಸುವ ಸಾಧನ), ರೇಡಿಯೋ ಸರ್ಕ್ಯೂಟ್ ಎಲ್ಲ ಬೇಕು. ಹೆನ್ಶ್ ದಾರಿಗೆ ಎರಡು ಫೋಟೋಡಯೋಡ್ ಮತ್ತು ನಾಲ್ಕಾರು ಬಿಡಿಭಾಗ ಸಾಕು, ಬ್ರೂಸ್ಟರ್ ತಟ್ಟೆ ಹೇಗೂ ಒಳಗಿದೆ. ಕೋಣೆ ಬಿಸಿಯಾದರೆ ಅದು ನಿಧಾನಕ್ಕೆ ಜಾರುತ್ತದೆ, ನಿಜ. ಆದರೆ 2 ನ್ಯಾನೋಮೀಟರಿನ ಕಿಂಡಿಯಲ್ಲಿ ಆ ಜಾರುವಿಕೆ ಗೊತ್ತೇ ಆಗುವುದಿಲ್ಲ. ಮಾಡ್ಯುಲೇಟರ್ ಈಗ ಬೀರುವಿನಲ್ಲಿದೆ, ಶೇ 0.1ರ ಕನ್ನಡಿಯ ಪಕ್ಕ.