ನಾನು ಓದಿದ ಸರ್ಕಾರಿ ಶಾಲೆ: ಪಾಠಕ್ಕೆ ನಾಲ್ಕೂವರೆ, ಶೌಚಾಲಯಕ್ಕೆ ಒಂದು

ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಒಂದರಿಂದ ಏಳನೇ ಕ್ಲಾಸಿನವರೆಗೆ ಓದಿದ್ದು ಇಲ್ಲೇ. ಈಗ ಅಣ್ಣನ ಮಗಳು ಇಲ್ಲಿ ಆರನೇ ಕ್ಲಾಸು. ಊರಿಗೆ ಹೋದಾಗಲೆಲ್ಲ ಶಾಲೆ ಕಡೆಗೊಂದು ಸುತ್ತು ಹಾಕುತ್ತೇನೆ, ಮೇಷ್ಟ್ರು, ಟೀಚರ್‌ಗಳ ಹತ್ತಿರ ಮಾತಾಡಿ ಬರುತ್ತೇನೆ. ಶಾಲೆಯ ಹೆಸರು ಹಾಕುತ್ತಿಲ್ಲ. ನಾನು ಹೇಳಬೇಕಾಗಿರುವುದು ಈ ಒಂದು ಶಾಲೆಯ ಕಥೆ ಮಾತ್ರ ಅಲ್ಲ. ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸೋದಾ, ಊರಾಚೆಯ ಕಾನ್ವೆಂಟಿಗೆ ವ್ಯಾನ್ ಹತ್ತಿಸೋದಾ ಅಂತ ಯೋಚನೆ ಮಾಡುತ್ತಿರುವವರು ಇದನ್ನು ಓದಲಿ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯದು ಜಾಸ್ತಿ ಇದೆ. ಪಾಠ ಚೆನ್ನಾಗಿದೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ನಲಿ-ಕಲಿ. ಕೋಣೆಯ ಮೇಲೆ ದಾರ ಎಳೆದು ಚಪ್ಪರ ಕಟ್ಟಿದ್ದಾರೆ, ಮಕ್ಕಳು ಬರೆದ ಚಿತ್ರಗಳು ಅದರಲ್ಲಿ ತೂಗುತ್ತವೆ, ಕೆಳಗೆ ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಯಾರನ್ನೂ ಓಡಿಸುವುದಿಲ್ಲ, ಯಾರನ್ನೂ ಕಾಯಿಸುವುದಿಲ್ಲ. ಗಣಿತದ ಮೇಷ್ಟ್ರು ಒಬ್ಬರಿದ್ದಾರೆ, ಭಿನ್ನರಾಶಿಯನ್ನು ರೊಟ್ಟಿ ಮುರಿದು ಕಲಿಸುತ್ತಾರೆ, ಅಣ್ಣನ ಮಗಳು ಮನೆಗೆ ಬಂದು ಅದನ್ನೇ ಅಜ್ಜಿಗೆ ಹೇಳಿಕೊಡುತ್ತಾಳೆ. ಊಟವೂ ಅಷ್ಟೇ. ಬಿಸಿ ಅನ್ನ, ಬೇಳೆ ಸಾಂಬಾರು, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು. ಅಡುಗೆಯ ಅಕ್ಕಂದಿರು ಬಡಿಸುವಾಗ ಇನ್ನೊಂದು ಸೌಟು ಹಾಕ್ಲಾ ಅಂತ ಕೇಳಿಯೇ ಮುಂದೆ ಹೋಗುತ್ತಾರೆ. ಇದಕ್ಕೆಲ್ಲ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಮನಸಾರೆ.

ಈಗ ಶೌಚಾಲಯ. ಇದಕ್ಕೆ ಐದಕ್ಕೆ ಒಂದೇ.

ಕಟ್ಟಡ ಇದೆ. ಅದು ಗೊತ್ತಿರಲಿ. ಹುಡುಗರಿಗೆ ಒಂದು ಕಡೆ, ಹುಡುಗಿಯರಿಗೆ ಒಂದು ಕಡೆ, ಹೊರಗೆ ಬಣ್ಣದಲ್ಲಿ ಚಿತ್ರ ಬೇರೆ ಬರೆಸಿದ್ದಾರೆ. ಯಾರಾದರೂ ಪರಿಶೀಲನೆಗೆ ಬಂದರೆ "ಶೌಚಾಲಯ: ಇದೆ" ಅಂತ ಬರೆದುಕೊಂಡು ಹೋಗಬಹುದು. ಒಳಗೆ ಹೋಗಿ ನೋಡಬೇಕು. ಹುಡುಗಿಯರ ಕಡೆ ಎರಡು ಕೋಣೆ. ಒಂದರ ಬಾಗಿಲಿನ ಕೆಳಗಿನ ತಗಡು ತುಕ್ಕು ಹಿಡಿದು ಗೇಣುದ್ದ ಹೋಗಿದೆ, ಚಿಲಕ ಇಲ್ಲ, ಹಾಗಾಗಿ ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಇನ್ನೊಂದಕ್ಕೆ ಬೀಗ. ಅದು ಟೀಚರ್‌ಗಳಿಗೆ, ಬೀಗದ ಕೈ ಆಫೀಸ್ ರೂಮಿನಲ್ಲಿ. ಗೋಡೆಯಲ್ಲಿ ನಲ್ಲಿ ಇದೆ, ತಿರುಗಿಸಿದರೆ ಗಾಳಿಯೂ ಬರುವುದಿಲ್ಲ. ಹೊರಗೆ ಒಂದು ಡ್ರಮ್ಮು, ಅದರ ತಳದಲ್ಲಿ ನೀರು, ಒಂದೇ ಒಂದು ಮಗ್ಗು.

ಇದರಿಂದ ಆಗುವುದೇನು ಗೊತ್ತಾ? ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಅಣ್ಣನ ಮಗಳ ಬಾಟಲಿ ಬೆಳಿಗ್ಗೆ ತುಂಬಿ ಹೋದದ್ದು ಸಂಜೆ ತುಂಬಿಯೇ ವಾಪಸ್ ಬರುತ್ತದೆ. ಅತ್ತಿಗೆ ಕೇಳಿದ್ದಕ್ಕೆ "ಕುಡಿದ್ರೆ ಹೋಗ್ಬೇಕಾಗುತ್ತಲ್ಲಮ್ಮ" ಅಂದಳಂತೆ. ಚಿತ್ರದುರ್ಗದ ಏಪ್ರಿಲ್ ಬಿಸಿಲು ಎಂಥದ್ದು ಅಂತ ಗೊತ್ತಿರುವವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉರಿಮೂತ್ರ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ಹೇಳುವುದು ಒಂದೇ, ಜಾಸ್ತಿ ನೀರು ಕುಡಿಸಿ, ತಡೆಹಿಡಿಯಲು ಬಿಡಬೇಡಿ. ಶಾಲೆಯಲ್ಲಿ ಅದೆರಡೂ ಆಗುವುದಿಲ್ಲ. ಇನ್ನು ಮುಟ್ಟಾಗುವ ವಯಸ್ಸಿನ ಹುಡುಗಿಯರು ಆ ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತಾರೆ. ಸರ್ಕಾರದ ಶುಚಿ ಯೋಜನೆ 2013-14ರಲ್ಲಿ ಶುರುವಾಯಿತು, ನಡುವೆ ನಿಂತು ಮತ್ತೆ ಬಂತು, ಪ್ಯಾಡು ಕೊಡುತ್ತಾರೆ, ಒಳ್ಳೆಯದೇ. ಆದರೆ ಪ್ಯಾಡು ಬದಲಿಸಲು ಚಿಲಕ ಇರುವ ಬಾಗಿಲು ಬೇಕು, ಕೈ ತೊಳೆಯಲು ನೀರು ಬೇಕು, ಹಾಕಲು ಮುಚ್ಚಳದ ಡಬ್ಬಿ ಬೇಕು. ಮೂರೂ ಇಲ್ಲದ ಕಡೆ ಪ್ಯಾಡು ಕೊಟ್ಟು ಏನು ಪ್ರಯೋಜನ?

ನೀರು ಯಾಕೆ ಬರುವುದಿಲ್ಲ ಅಂತ ಬೆನ್ನು ಹತ್ತಿ ನೋಡಿದೆ. ಊರಲ್ಲಿ ನೀರಿಲ್ಲ ಅಂತಲ್ಲ. ಪಂಚಾಯಿತಿ ಬೋರ್‌ವೆಲ್ ನೀರು ಟ್ಯಾಂಕಿಗೆ ಏರುತ್ತದೆ, ವಾಟರ್‌ಮ್ಯಾನ್ ಬೆಳಿಗ್ಗೆ ಬೇಗ ಬಿಡುತ್ತಾನೆ, ಊರಿನವರೆಲ್ಲ ಕೊಡ, ಡ್ರಮ್ಮು ತುಂಬಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಶಾಲೆ ಗೇಟಿಗೆ ಬೀಗ. ಶಾಲೆಯ ವಾಲ್ವು ತಿರುಗಿಸುವವರು ಯಾರೂ ಇರುವುದಿಲ್ಲ. ಮೇಷ್ಟ್ರು ಬರುವ ಹೊತ್ತಿಗೆ ನೀರು ನಿಂತಿರುತ್ತದೆ. ಛಾವಣಿ ಮೇಲಿನ ಕಪ್ಪು ಟ್ಯಾಂಕು ಇಡೀ ವರ್ಷ ಸುಮ್ನೆ ಬಿಸಿಲು ಕಾಯುತ್ತಾ ಕೂತಿದೆ. ನೆಲದಲ್ಲೊಂದು ಸಂಪು ಮಾಡಿ, ಬಾಲ್ ವಾಲ್ವ್ ಹಾಕಿದರೆ ಆಯ್ತು. ನೀರು ಯಾವಾಗ ಬಂದರೂ ತಾನೇ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ, ಯಾರೂ ಬೆಳಿಗ್ಗೆ ಎದ್ದು ಬರಬೇಕಿಲ್ಲ. ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಲು ಚಿಕ್ಕ ಮೋಟಾರು ಸಾಕು. ಊರಿನ ಪ್ಲಂಬರ್ ಹುಡುಗನೇ ಮಾಡುವ ಕೆಲಸ ಇದು.

ಅದಕ್ಕಿಂತ ಕಷ್ಟದ್ದು ತೊಳೆಯುವವರದ್ದು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಆ ಕೆಲಸಕ್ಕೆ ಅಂತ ಒಂದು ಹುದ್ದೆಯೇ ಇಲ್ಲ. ಕಟ್ಟಿದವರು ಕಟ್ಟಿ ಹೋದರು, ನಾಳೆ ಬೆಳಿಗ್ಗೆ ಯಾರು ತೊಳೆಯಬೇಕು ಅಂತ ಯಾರೂ ಬರೆದಿಡಲಿಲ್ಲ. ಅಡುಗೆಯವರ ಕೈಲಿ ತೊಳೆಸುವಂತಿಲ್ಲ, ತೊಳೆಸಲೂಬಾರದು. ಮಕ್ಕಳ ಕೈಲಂತೂ ಮುಟ್ಟಿಸಲೇಬಾರದು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಶೌಚದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ಇಡೀ ರಾಜ್ಯ ಬೆಚ್ಚಿತ್ತು, ಮಕ್ಕಳಿಂದ ಈ ಕೆಲಸ ಮಾಡಿಸಬೇಡಿ ಅಂತ ಶಾಲೆಗಳಿಗೆ ಸೂಚನೆಯೂ ಹೋಯಿತು. ಸರಿ, ಮಕ್ಕಳು ಬೇಡ. ಹಾಗಾದರೆ ಯಾರು? ಈ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಬೀಗ ಬೀಳುತ್ತದೆ, ನಮ್ಮ ಶಾಲೆಯಲ್ಲಿ ಆಗಿರುವುದೂ ಅದೇ.

ದುಡ್ಡಿನ ಲೆಕ್ಕ ನೋಡಿ. ಸಮಗ್ರ ಶಿಕ್ಷಾ ಅನ್ನುವ ಸರ್ಕಾರಿ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ಶಾಲಾ ಅನುದಾನ ಕೊಡುತ್ತಾರೆ. ನೂರು ದಾಟಿ 250ರ ಒಳಗಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡಾ 10 ಭಾಗ ಸ್ವಚ್ಛತೆಗೆ ಖರ್ಚು ಮಾಡಬೇಕು ಅಂತಿದೆ. ಅಂದರೆ 5,000. ತಿಂಗಳಿಗೆ ಹಂಚಿದರೆ ನಾನೂರು ಚಿಲ್ಲರೆ. ಫಿನೈಲು, ಬ್ರಷ್ಷು ಬರುತ್ತದೆ, ಕೂಲಿ ಬರುವುದಿಲ್ಲ. ಹಾಗಾಗಿ ನಮ್ಮ ಹೆಡ್‌ಮಾಸ್ಟರನ್ನು ಬೈಯುವುದು ತಪ್ಪು. ಅವರು ಕೈಯಿಂದ ಹಾಕಿ ಒಂದಷ್ಟು ದಿನ ತೊಳೆಸಿದ್ದಾರೆ, ಎಷ್ಟು ಅಂತ ಹಾಕುತ್ತಾರೆ ಪಾಪ.

ಈ ಶಾಲೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಬಹುದು ಅಂದರೆ ನಾನು ಕೇಳುವುದು ಇದನ್ನೇ. ಸ್ಮಾರ್ಟ್ ಕ್ಲಾಸ್ ಬೇಡ, ಹೊಸ ಕಮಾನು ಬೇಡ. ದಿನಾ ನೀರು ಬರುವ, ದಿನಾ ತೊಳೆಯುವ, ಒಳಗಿಂದ ಚಿಲಕ ಹಾಕಿಕೊಳ್ಳಬಹುದಾದ ಶೌಚಾಲಯ, ಮತ್ತು ತೊಳೆಯುವವರಿಗೆ ಕೈಗವಸು, ಬೂಟು, ತಿಂಗಳು ತಿಂಗಳು ಸರಿಯಾದ ಸಂಬಳ. ಇದು ಯಾರೂ ದಯೆಯಿಂದ ಕೊಡಬೇಕಾದದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಬೇಕು ಅಂತಿದೆ. 2012ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆರು ತಿಂಗಳ ಗಡುವು ಕೊಟ್ಟಿತ್ತು.

ಹಳೇ ವಿದ್ಯಾರ್ಥಿಗಳು ನಾವು ಒಂದಷ್ಟು ಜನ ಸೇರಿ ಸಂಪು, ಪೈಪು, ಬಾಗಿಲು ನಮ್ಮ ಖರ್ಚು ಅಂತ ಒಪ್ಪಿಕೊಂಡಿದ್ದೇವೆ. ಸಂಬಳ ಮಾತ್ರ ಚಂದಾ ಎತ್ತಿ ನಡೆಸುವುದಿಲ್ಲ. ಚಂದಾ ಒಂದು ವರ್ಷ ಬರುತ್ತದೆ, ಮುಂದಿನ ವರ್ಷ ಯಾರೂ ಫೋನ್ ಎತ್ತುವುದಿಲ್ಲ. ಅದು ಪಂಚಾಯಿತಿಯ ಕ್ರಿಯಾಯೋಜನೆಯಲ್ಲೇ ಸೇರಬೇಕು ಅಂತ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಟ್ಟಿದ್ದೇವೆ. ಮಕ್ಕಳ ಗ್ರಾಮಸಭೆಯಲ್ಲಿ ಏಳನೇ ಕ್ಲಾಸಿನ ಹುಡುಗಿಯರು ಎದ್ದು ನಿಂತು ಇದನ್ನೇ ಕೇಳುತ್ತಾರಂತೆ. ಕೇಳಲಿ, ಅವರ ಹಿಂದೆ ನಾವಿದ್ದೇವೆ.

ಮಗಳನ್ನು ಇಲ್ಲಿಗೆ ಸೇರಿಸಬಹುದಾ ಅಂದರೆ, ಸೇರಿಸಿ. ಇಂಥ ಪಾಠ ದುಡ್ಡು ಕೊಟ್ಟರೂ ಎಲ್ಲ ಕಡೆ ಸಿಗುವುದಿಲ್ಲ. ಆದರೆ ದಾಖಲಾತಿಗೆ ಹೋದ ದಿನ ಹುಡುಗಿಯರ ಶೌಚಾಲಯದ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ಚಿಲಕ ಹಾಕಿ ನೋಡಿ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯಲ್ಲಿ, ಅರ್ಧ ಜನ ಹೆಂಗಸರೇ ಇರಬೇಕು ಅಂತ ನಿಯಮ ಇದೆ, ಅಮ್ಮಂದಿರು ದಯವಿಟ್ಟು ಸದಸ್ಯರಾಗಿ, ಸಭೆಗೆ ಗಂಡನನ್ನು ಕಳಿಸಬೇಡಿ, ನೀವೇ ಹೋಗಿ ಕೂರಿ. ನಲ್ಲಿಯಲ್ಲಿ ನೀರು ಬಂದ ಮೇಲೆ ನಾನೇ ಇಲ್ಲಿ ರೇಟಿಂಗ್ ಬದಲಿಸುತ್ತೇನೆ.